ಬ್ರಿಟನ್ನಿನಲ್ಲಿ ದೈವಶಾಸ್ತ್ರದ ಆನರ್ಸ್ ಪದವಿ: ಸೇರಲು ಏನೇನು ಬೇಕು, ಅರ್ಜಿ ಹಾಕುವುದು ಹೇಗೆ?

ಥಿಯಾಲಜಿ ಓದುತ್ತೇನೆ ಅಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಪಾದ್ರಿ ಆಗ್ತೀಯಾ?’ ಎರಡನೆಯದು ‘ಎಷ್ಟು ಪರ್ಸೆಂಟ್ ಕೇಳ್ತಾರೆ?’ ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳು ಅನ್ನಿಸುತ್ತವೆ. ಆದರೆ ಬ್ರಿಟನ್ನಿನ ಮಟ್ಟಿಗೆ ಮೊದಲನೆಯದು ಇತ್ಯರ್ಥವಾಗದೆ ಎರಡನೆಯದಕ್ಕೆ ಉತ್ತರ ಸಿಗುವುದಿಲ್ಲ. ಪಾದ್ರಿಯಾಗಲು ಹೊರಟವರಿಗೂ ಧರ್ಮವನ್ನು ಒಂದು ವಿಷಯವಾಗಿ ಓದಲು ಹೊರಟವರಿಗೂ ಅಲ್ಲಿ ಬಾಗಿಲು ಬೇರೆ, ಬಾಗಿಲಲ್ಲಿ ಕೇಳುವ ಕಾಗದಪತ್ರವೂ ಬೇರೆ.

ಪರಿಚಯದವರ ಮಕ್ಕಳ ಅರ್ಜಿಗಳನ್ನು ಓದಿ ತಿದ್ದಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಕಂಡಂತೆ, ಅಂಕ ಕಡಿಮೆಯಾಗಿ ಸೀಟು ತಪ್ಪಿದವರಿಗಿಂತ ಷರತ್ತಿನ ಸಾಲನ್ನು ಅರ್ಧಕ್ಕೇ ಓದಿ ಸೀಟು ಕಳೆದುಕೊಂಡವರು ಹೆಚ್ಚು. ಆದ್ದರಿಂದ ಕೆಳಗೆ ಅಂಕಗಳಷ್ಟೇ ಜಾಗವನ್ನು ಆ ಸಣ್ಣ ಅಕ್ಷರಗಳಿಗೂ ಕೊಟ್ಟಿದ್ದೇನೆ.

‘ಆನರ್ಸ್’ ಎಂಬ ಪದಕ್ಕೆ ಹೆದರಬೇಡಿ

ನಮ್ಮಲ್ಲಿ ಆನರ್ಸ್ ಅಂದರೆ ಮಾಮೂಲಿ ಪದವಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಭಾವನೆ ಇದೆ. ಬ್ರಿಟನ್ನಿನಲ್ಲಿ ಮಾಮೂಲಿ ಪದವಿಯೇ ಆನರ್ಸ್ ಪದವಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಮೂರು ವರ್ಷ, ವರ್ಷಕ್ಕೆ 120ರಂತೆ 360 ಕ್ರೆಡಿಟ್. ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ, 480 ಕ್ರೆಡಿಟ್. ಆನರ್ಸ್ ಮಟ್ಟ ಮುಟ್ಟಲಾಗದವರಿಗೆ ‘ಆರ್ಡಿನರಿ’ ಪದವಿ ಕೊಟ್ಟು ಕಳಿಸುತ್ತಾರೆ. ಕೊನೆಯಲ್ಲಿ 70ರ ಮೇಲೆ ಬಂದರೆ ಫಸ್ಟ್, 60ರಿಂದ 69 ಬಂದರೆ ‘ಟೂ-ಒನ್’, ಅಂದರೆ ಎರಡನೆಯ ದರ್ಜೆಯ ಮೇಲಿನ ಭಾಗ. ಎಪ್ಪತ್ತು ಅಂದರೆ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಪ್ರಬಂಧ ಬರೆದು ಅಲ್ಲಿ ಎಪ್ಪತ್ತು ತೆಗೆಯುವುದು ಹುಡುಗಾಟವಲ್ಲ.

ಹೆಸರುಗಳಂತೂ ಗೋಜಲು. ಥಿಯಾಲಜಿ, ಥಿಯಾಲಜಿ ಅಂಡ್ ರಿಲಿಜನ್, ರಿಲಿಜಿಯಸ್ ಸ್ಟಡೀಸ್, ಡಿವಿನಿಟಿ ಎಲ್ಲವೂ ಒಂದೇ ಬಳಗದವು. ಇವನ್ನೆಲ್ಲ ಸೇರಿಸಿ ಆ ವಲಯದವರು ‘ಟಿಆರ್‌ಎಸ್’ (ಥಿಯಾಲಜಿ ಅಂಡ್ ರಿಲಿಜಿಯಸ್ ಸ್ಟಡೀಸ್) ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ತೆಲಂಗಾಣದ ಪಕ್ಷ. ಇನ್ನೊಂದು ವಿಷಯ: ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಮೊದಲ ಪದವಿಗೇ ಎಂಎ ಎಂಬ ಹೆಸರಿದೆ. ಎಂಎ ಎಂದು ಕಂಡ ಮಾತ್ರಕ್ಕೆ ಸ್ನಾತಕೋತ್ತರ ಎಂದುಕೊಂಡು ಪುಟ ಮುಚ್ಚಬೇಡಿ.

ಮೊದಲ ಹೆಜ್ಜೆ: ಯಾವ ಬಾಗಿಲು ಎಂದು ತೀರ್ಮಾನಿಸಿ

ಸಾರ್ವಜನಿಕ ವಿಶ್ವವಿದ್ಯಾಲಯದ ಥಿಯಾಲಜಿ ವಿಭಾಗ ನಿಮ್ಮ ನಂಬಿಕೆ ಏನೆಂದು ಕೇಳುವುದಿಲ್ಲ. ಕ್ರೈಸ್ತರು, ಮುಸ್ಲಿಮರು, ಹಿಂದೂಗಳು, ಯಾವುದನ್ನೂ ನಂಬದವರು ಒಂದೇ ಬೆಂಚಿನಲ್ಲಿ ಕೂತು ಬೈಬಲಿನ ಪೌಲನ ಪತ್ರಗಳನ್ನು ಓದುತ್ತಾರೆ. ಇದು ಮೊದಲಿನಿಂದಲೂ ಹೀಗಿರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್, ಡರ್ಹ್ಯಾಮ್‌ಗಳಲ್ಲಿ ಪದವಿಗೆ ಇದ್ದ ಧಾರ್ಮಿಕ ಷರತ್ತನ್ನು 1871ರ ಕಾಯ್ದೆಯೊಂದು ತೆಗೆದುಹಾಕಿತು. ಆದರೆ ಆ ಕಾಯ್ದೆಯೇ ದೈವಶಾಸ್ತ್ರದ ಪದವಿಗಳನ್ನು ಹೊರಗಿಟ್ಟಿತ್ತು. ಉಳಿದ ವಿಷಯಗಳಿಗೆ ತೆರೆದ ಬಾಗಿಲು ಈ ವಿಷಯಕ್ಕೆ ತಡವಾಗಿ ತೆರೆಯಿತು. ‘ನಂಬಿಕೆ ಇರಲೇಬೇಕಲ್ಲವಾ’ ಎಂಬ ಅನುಮಾನ ಇಂದಿಗೂ ಜನರಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ.

ಎರಡನೆಯ ಬಾಗಿಲು ಕ್ರೈಸ್ತ ಸಭೆಗಳ (ಅಂದರೆ ಚರ್ಚುಗಳ), ಪಂಗಡಗಳ ಕಾಲೇಜುಗಳದ್ದು. ಬೈಬಲ್ ಕಾಲೇಜುಗಳು, ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳು ಈ ಗುಂಪಿನವು. ಇಲ್ಲಿ ಅಂಕಪಟ್ಟಿಯ ಜೊತೆಗೆ ನಂಬಿಕೆಯ ಹೇಳಿಕೆ, ನಿಮ್ಮ ಸಭಾಪಾಲಕರ (ಪಾದ್ರಿಯ) ಪತ್ರ, ಕೆಲವೆಡೆ ಸಭೆಯಲ್ಲಿ ಮಾಡಿದ ಸೇವೆಯ ವಿವರ ಕೇಳುತ್ತಾರೆ. ಮಕ್ಕಳ ಜೊತೆ ಅಥವಾ ದುರ್ಬಲರ ಜೊತೆ ಕೆಲಸ ಮಾಡುವ ಪ್ರಾಯೋಗಿಕ ಅವಧಿ ಪಠ್ಯದಲ್ಲಿದ್ದರೆ ಅಪರಾಧ ದಾಖಲೆಯ ತಪಾಸಣೆಯೂ ಇರುತ್ತದೆ. ಅಂಕದ ಬೇಡಿಕೆ ಸಾಮಾನ್ಯವಾಗಿ ಇಲ್ಲಿ ಸಡಿಲ.

ಈ ಬಾಗಿಲನ್ನು ಆರಿಸುವವರು ಮೂರು ಸಂಗತಿಗಳನ್ನು ಖಾತ್ರಿ ಮಾಡಿಕೊಳ್ಳಬೇಕು. ಪದವಿ ಕೊಡುವುದು ಯಾರು? ಸಣ್ಣ ಕಾಲೇಜುಗಳಿಗೆ ತಾವೇ ಪದವಿ ಕೊಡುವ ಅಧಿಕಾರ ಬಹಳ ಸಲ ಇರುವುದಿಲ್ಲ, ಯಾವುದಾದರೂ ವಿಶ್ವವಿದ್ಯಾಲಯ ಅದನ್ನು ಮಾನ್ಯ ಮಾಡಿರುತ್ತದೆ. ಆ ವಿಶ್ವವಿದ್ಯಾಲಯದ ಹೆಸರು ಪುಟದಲ್ಲಿ ಕಾಣದಿದ್ದರೆ ಕೇಳಿ. ವಿದೇಶಿ ವಿದ್ಯಾರ್ಥಿಗೆ ವೀಸಾ ಪ್ರಾಯೋಜಿಸುವ ಪರವಾನಗಿ ಇದೆಯೇ? ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ನಿನ ಗೃಹ ಇಲಾಖೆ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿಲ್ಲದ ಕಾಲೇಜು ಎಷ್ಟೇ ಪ್ರೀತಿಯಿಂದ ಕರೆದರೂ ಹೊರದೇಶದವರು ಹೋಗಲಾರರು. ಮೂರನೆಯದು, ಕಾಲೇಜು ಉಳಿಯುತ್ತದೆಯೇ? ಇದು ಅಪಶಕುನದ ಮಾತಲ್ಲ. 1614ರಲ್ಲಿ ಜೆಸ್ವಿಟರು (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದವರು) ಆರಂಭಿಸಿದ, ಕೊನೆಗೆ ಲಂಡನ್ ವಿಶ್ವವಿದ್ಯಾಲಯದ ಭಾಗವಾಗಿದ್ದ ಹೀತ್ರಾಪ್ ಕಾಲೇಜು ನಾಲ್ಕು ಶತಮಾನ ಬಾಳಿ 2018ರಲ್ಲಿ ಪಾಠ ನಿಲ್ಲಿಸಿತು. ಇಂಗ್ಲೆಂಡಿನ ಉನ್ನತ ಶಿಕ್ಷಣದ ನಿಯಂತ್ರಕ ಸಂಸ್ಥೆಯಾದ ಆಫೀಸ್ ಫಾರ್ ಸ್ಟೂಡೆಂಟ್ಸ್‌ನಲ್ಲಿ ನೋಂದಾಯಿತ ಕಾಲೇಜು, ತಾನು ಮುಚ್ಚಿದರೆ ವಿದ್ಯಾರ್ಥಿಗಳ ಗತಿ ಏನು ಎಂಬ ಯೋಜನೆಯನ್ನು ಇಟ್ಟುಕೊಂಡಿರಬೇಕು. ಅದನ್ನು ಓದಲು ಕೇಳುವುದು ನಿಮ್ಮ ಹಕ್ಕು.

ಪಾದ್ರಿಯಾಗುವ ಮನಸ್ಸಿದ್ದವರಿಗೆ ಒಂದು ಮಾತು. ಥಿಯಾಲಜಿ ಪದವಿ ಪಡೆದ ಮಾತ್ರಕ್ಕೆ ಯಾರೂ ದೀಕ್ಷೆ ಕೊಡುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಅಭ್ಯರ್ಥಿಯ ‘ಕರೆ’ಯನ್ನು, ಅಂದರೆ ದೇವರು ತನ್ನನ್ನು ಈ ಸೇವೆಗೆ ಕರೆದಿದ್ದಾನೆಂಬ ನಂಬಿಕೆಯನ್ನು, ಪರಿಶೀಲಿಸುವ ಪ್ರಕ್ರಿಯೆ ಬೇರೆಯೇ ಇದೆ, ಬಿಷಪ್ಪರ ಒಪ್ಪಿಗೆ ಬೇಕು. ಆ ದಾರಿಯಲ್ಲಿ ಆಯ್ಕೆಯಾದವರು ಓದುವ ‘ಕಾಮನ್ ಅವಾರ್ಡ್ಸ್’ ಪದವಿಗಳನ್ನು 2014ರಿಂದ ಡರ್ಹ್ಯಾಮ್ ವಿಶ್ವವಿದ್ಯಾಲಯ ಮಾನ್ಯ ಮಾಡುತ್ತಿದೆ. ಅದೇ ಡರ್ಹ್ಯಾಮ್‌ನ ಥಿಯಾಲಜಿ ವಿಭಾಗದ ಬಿಎ ಬೇರೆ. ಎರಡರ ಹೆಸರಲ್ಲೂ ಡರ್ಹ್ಯಾಮ್ ಇರುವುದರಿಂದ ಗೊಂದಲ ಸಹಜ.

ಎರಡನೆಯ ಹೆಜ್ಜೆ: ಅಂಕದ ಲೆಕ್ಕ

ಬ್ರಿಟನ್ನಿನ ಹುಡುಗರು ಹದಿನೆಂಟರ ವಯಸ್ಸಿಗೆ ಮೂರು ಎ-ಲೆವೆಲ್ ವಿಷಯ ಮುಗಿಸುತ್ತಾರೆ. ವಿಶ್ವವಿದ್ಯಾಲಯಗಳ ಬೇಡಿಕೆಯೆಲ್ಲ ಆ ಮೂರರ ಗ್ರೇಡುಗಳ ಭಾಷೆಯಲ್ಲಿರುತ್ತದೆ. ಥಿಯಾಲಜಿಗೆ ಕೇಂಬ್ರಿಜ್‌ನ ಮಾಮೂಲಿ ಬೇಡಿಕೆ ಒಂದು ಎ-ಸ್ಟಾರ್, ಎರಡು ಎ. ಆಕ್ಸ್‌ಫರ್ಡಿನದ್ದು ಮೂರು ಎ. ಮಿಕ್ಕ ಹೆಸರುವಾಸಿ ವಿಶ್ವವಿದ್ಯಾಲಯಗಳು ಸ್ವಲ್ಪ ಕೆಳಗೆ, ಎರಡು ಎ ಒಂದು ಬಿ ಅಥವಾ ಮೂರು ಬಿ ಆಸುಪಾಸಿನಲ್ಲಿ ಇರುತ್ತವೆ. ಇನ್ನೂ ಕೆಳಗೆ ಮೂರು ಸಿ ಇದ್ದರೂ ಸೇರಿಸಿಕೊಳ್ಳುವ ಕಡೆಗಳಿವೆ. ಕಾನೂನು, ವೈದ್ಯಕೀಯಕ್ಕೆ ಹೋಲಿಸಿದರೆ ಸ್ಪರ್ಧೆ ಕಡಿಮೆ. ಅಭ್ಯರ್ಥಿಗಳಿಗೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಇದರ ಪಕ್ಕದಲ್ಲೇ ಟ್ಯಾರಿಫ್ ಪಾಯಿಂಟು ಎಂಬ ಇನ್ನೊಂದು ಲೆಕ್ಕವಿದೆ. ಎ-ಸ್ಟಾರ್‌ಗೆ 56, ಎ-ಗೆ 48, ಬಿ-ಗೆ 40, ಸಿ-ಗೆ 32, ಡಿ-ಗೆ 24, ಇ-ಗೆ 16. ಬಹಳ ಜನ ಎಡವುವುದು ಇಲ್ಲೇ. ಒಬ್ಬಳು ಮೂರು ಬಿ ತೆಗೆದಳು ಅನ್ನಿ: 40, 40, 40, ಒಟ್ಟು 120. ಇನ್ನೊಬ್ಬಳು ಒಂದು ಎ, ಒಂದು ಬಿ, ಒಂದು ಸಿ: 48, 40, 32. ಅದೂ 120. ವಿಶ್ವವಿದ್ಯಾಲಯದ ಆಫರ್ (ಷರತ್ತು ಹಾಕಿ ಕೊಡುವ ಸೀಟಿನ ಭರವಸೆ) ‘120 ಪಾಯಿಂಟು’ ಎಂದಿದ್ದರೆ ಇಬ್ಬರೂ ಒಳಗೆ. ‘ಬಿ ಬಿ ಬಿ’ ಎಂದು ಗ್ರೇಡಿನಲ್ಲಿದ್ದರೆ ಎರಡನೆಯವಳು ಷರತ್ತು ಪೂರೈಸಲಿಲ್ಲ, ಏಕೆಂದರೆ ಅವಳ ಮೂರನೆಯ ಗ್ರೇಡ್ ಸಿ. ಒಳಗೆ ಬಿಡುವುದು ಬಿಡದಿರುವುದು ವಿಶ್ವವಿದ್ಯಾಲಯದ ಮರ್ಜಿ. ಆದ್ದರಿಂದ ಪುಟದಲ್ಲಿ ಪಾಯಿಂಟು ಕೇಳಿದ್ದಾರೋ ಗ್ರೇಡೋ ಎಂಬುದನ್ನು ಬೆರಳಿಟ್ಟು ನೋಡಿ.

ಯಾವ ವಿಷಯ ಓದಿರಬೇಕು? ರಿಲಿಜಿಯಸ್ ಸ್ಟಡೀಸ್ ಎಂಬ ಎ-ಲೆವೆಲ್ ವಿಷಯವೇ ಇದೆ. ಹಾಗಿದ್ದೂ ಹೆಚ್ಚಿನ ವಿಭಾಗಗಳು ಅದನ್ನು ಕಡ್ಡಾಯ ಮಾಡಿಲ್ಲ. ಅವರಿಗೆ ಬೇಕಾದದ್ದು ಪ್ರಬಂಧ ಬರೆಯುವ ವಿಷಯ: ಇತಿಹಾಸ, ಇಂಗ್ಲಿಷ್ ಸಾಹಿತ್ಯ, ತತ್ತ್ವಶಾಸ್ತ್ರ, ಶಾಸ್ತ್ರೀಯ ಭಾಷೆಗಳು, ಸಮಾಜಶಾಸ್ತ್ರ, ಇಂಥವು. ಆಫರಿನಲ್ಲಿ ‘ಒಂದು ಪ್ರಬಂಧ ವಿಷಯದಲ್ಲಿ ಕನಿಷ್ಠ ಬಿ’ ಎಂಬ ಬಾಲ ಅಂಟಿಕೊಂಡಿರಬಹುದು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಮೂರರಲ್ಲೂ ಎ ತೆಗೆದ ಹುಡುಗ ಈ ಬಾಲದಿಂದಾಗಿಯೇ ಹೊರಗೆ ಉಳಿಯಬಹುದು. ಜೋಡಿ ಪದವಿಗಳಲ್ಲಿ, ಅಂದರೆ ಥಿಯಾಲಜಿಯ ಜೊತೆಗೆ ತತ್ತ್ವಶಾಸ್ತ್ರವೋ ಒಂದು ಭಾಷೆಯೋ ಸೇರಿರುವಲ್ಲಿ, ಎರಡೂ ವಿಭಾಗಗಳ ಷರತ್ತು ಅನ್ವಯವಾಗುತ್ತದೆ. ಕೆಲವಕ್ಕೆ ಪ್ರವೇಶ ಪರೀಕ್ಷೆಯೂ ಇರುತ್ತದೆ.

ಹೀಬ್ರೂ, ಗ್ರೀಕ್ ಮೊದಲೇ ಬರಬೇಕೇ ಎಂಬ ಭಯ ಬೇಡ. ಅವನ್ನು ಅಕ್ಷರಮಾಲೆಯಿಂದಲೇ ಕಲಿಸುತ್ತಾರೆ. ಕೇಂಬ್ರಿಜ್‌ನ ಈ ಪದವಿಯಲ್ಲಿ ಧರ್ಮಗ್ರಂಥಗಳ ಭಾಷೆ ಎಂದು ಕಲಿಸುವವುಗಳಲ್ಲಿ ಹೀಬ್ರೂ, ಗ್ರೀಕ್, ಅರಬ್ಬಿಗಳ ಜೊತೆ ಸಂಸ್ಕೃತವೂ ಇದೆ. ಶಾಲೆಯಲ್ಲಿ ಸಂಸ್ಕೃತವನ್ನು ಸ್ಕೋರಿಂಗ್ ಸಬ್ಜೆಕ್ಟ್ ಎಂದು ತೆಗೆದುಕೊಂಡಿದ್ದವರು ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ.

ಎ-ಲೆವೆಲ್ ಬಿಟ್ಟು ಬೇರೆ ದಾರಿಗಳೂ ಇವೆ. ಸ್ಕಾಟ್ಲೆಂಡಿನವರು ಹೈಯರ್ಸ್ ಪರೀಕ್ಷೆಯ ಮೇಲೆ ಬರುತ್ತಾರೆ. ಸೇಂಟ್ ಆಂಡ್ರೂಸ್, ಗ್ಲಾಸ್ಗೊ, ಅಬರ್ಡೀನ್, ಎಡಿನ್‌ಬರೋ ಈ ನಾಲ್ಕು ಹಳೆಯ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯ ಇದೆ. ಅಲ್ಲಿನ ನಾಲ್ಕು ವರ್ಷದಲ್ಲಿ ಮೊದಲೆರಡು ವರ್ಷ ಬೇರೆ ವಿಷಯಗಳನ್ನೂ ಸೇರಿಸಿಕೊಂಡು ಓದಬಹುದು. ಮನಸ್ಸು ಇನ್ನೂ ಗಟ್ಟಿಯಾಗದವರಿಗೆ ಅದು ಹೇಳಿ ಮಾಡಿಸಿದ್ದು, ಒಂದು ವರ್ಷದ ಖರ್ಚು ಹೆಚ್ಚು ಅಷ್ಟೇ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಡಿಪ್ಲೊಮಾ ಮಾಡಿದವರಿಗೆ 45ರಲ್ಲಿ ಇಂತಿಷ್ಟು ಎಂಬ ಬೇಡಿಕೆ ಇರುತ್ತದೆ. ಆಕ್ಸ್‌ಫರ್ಡ್ ಥಿಯಾಲಜಿಗೆ ಕೇಳುವುದು 38.

ಶಾಲೆ ಬಿಟ್ಟು ವರ್ಷಗಳಾದವರ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಿಷಯಕ್ಕೆ ಬರುವವರಲ್ಲಿ ಅಂಥವರು ಬಹಳ. ನರ್ಸ್ ಆಗಿದ್ದವರು, ಮಕ್ಕಳನ್ನು ಬೆಳೆಸಿದ ತಾಯಂದಿರು, ನಿವೃತ್ತರು ಹೀಗೆ ಬರುತ್ತಾರೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅವರಿಗೆಂದೇ ‘ಆಕ್ಸೆಸ್ ಟು ಹೈಯರ್ ಎಜುಕೇಶನ್’ ಡಿಪ್ಲೊಮಾ ಇದೆ. ಒಟ್ಟು 60 ಕ್ರೆಡಿಟ್, ಅದರಲ್ಲಿ ಗ್ರೇಡ್ ಸಿಗುವುದು ಮೂರನೆಯ ಹಂತದ, ಅಂದರೆ ಎ-ಲೆವೆಲ್ ಮಟ್ಟದ, 45ಕ್ಕೆ. ನಲವತ್ತೈದೂ ಡಿಸ್ಟಿಂಕ್ಷನ್ ಆದರೆ 144 ಪಾಯಿಂಟು, ಅಂದರೆ ಮೂರು ಎ-ಗೆ ಸಮ. ನಲವತ್ತೈದೂ ಮೆರಿಟ್ ಆದರೆ 96, ಅಂದರೆ ಮೂರು ಸಿ. ಆಕ್ಸ್‌ಫರ್ಡಿನ ಹ್ಯಾರಿಸ್ ಮ್ಯಾಂಚೆಸ್ಟರ್ ಕಾಲೇಜು ಇಪ್ಪತ್ತೊಂದು ದಾಟಿದವರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಓಪನ್ ಯೂನಿವರ್ಸಿಟಿಯಲ್ಲಂತೂ ಪದವಿ ಸೇರಲು ಹಿಂದಿನ ಪರೀಕ್ಷೆಗಳ ಷರತ್ತೇ ಇಲ್ಲ. ಅಲ್ಲಿ ಧರ್ಮಾಧ್ಯಯನವನ್ನು ಬೇರೆ ವಿಷಯಗಳ ಜೊತೆ ಬೆರೆಸಿ ಓದಬಹುದು.

ಇವೆಲ್ಲದರ ಅಡಿಯಲ್ಲಿ ಇನ್ನೊಂದು ಸಾಲು ಅಡಗಿರುತ್ತದೆ: ಜಿಸಿಎಸ್‌ಇ ಇಂಗ್ಲಿಷ್‌ನಲ್ಲಿ ಗ್ರೇಡ್ 4, ಹಳೆಯ ಪದ್ಧತಿಯಲ್ಲಾದರೆ ಸಿ. ಅದು ಹತ್ತನೆಯ ತರಗತಿ ಮಟ್ಟದ ಪರೀಕ್ಷೆ. ಎ-ಲೆವೆಲ್ ಎಷ್ಟೇ ಚೆನ್ನಾಗಿದ್ದರೂ ಇದಿಲ್ಲದೆ ಸಿಕ್ಕಿಹಾಕಿಕೊಂಡವರಿದ್ದಾರೆ.

ಪಿಯುಸಿ ಮಾಡಿದವರು

ನಮ್ಮ ದ್ವಿತೀಯ ಪಿಯುಸಿಯನ್ನು ಎ-ಲೆವೆಲ್‌ಗೆ ಸಮಾನವೆಂದು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಕೆಲವು ಸಿಬಿಎಸ್‌ಇ, ಐಎಸ್‌ಸಿ ಮಾತ್ರ ಸಾಕು ಅನ್ನುತ್ತವೆ. ಕೆಲವು ರಾಜ್ಯ ಮಂಡಳಿಗಳನ್ನೂ ಒಪ್ಪಿ, ಕೇಂದ್ರ ಮಂಡಳಿಗಿಂತ ಹೆಚ್ಚು ಪರ್ಸೆಂಟ್ ಕೇಳುತ್ತವೆ. ಪ್ರತಿ ವಿಶ್ವವಿದ್ಯಾಲಯದ ಪುಟದಲ್ಲೂ ದೇಶವಾರು ಅರ್ಹತೆಯ ವಿಭಾಗವಿದೆ. ಅದರಲ್ಲಿ ಭಾರತ, ಭಾರತದ ಕೆಳಗೆ ರಾಜ್ಯ ಮಂಡಳಿಗಳ ಸಾಲು ಹುಡುಕಿ. ಕರ್ನಾಟಕ ಎಂದು ಹೆಸರು ಹಾಕಿದ್ದರೆ ಸರಿ, ಇಲ್ಲದಿದ್ದರೆ ಪ್ರವೇಶ ಕಚೇರಿಗೆ ಮಿಂಚಂಚೆ ಬರೆದು ಉತ್ತರವನ್ನು ಕಡತದಲ್ಲಿಡಿ. ಒಟ್ಟು ಶೇಕಡಾವಾರು ಹೇಗೆ ಎಣಿಸುತ್ತಾರೆ, ಭಾಷಾ ವಿಷಯಗಳನ್ನು ಸೇರಿಸುತ್ತಾರೋ ಇಲ್ಲವೋ, ಅದನ್ನೂ ಅದೇ ಪತ್ರದಲ್ಲಿ ಕೇಳಿ. ಕನ್ನಡದಲ್ಲಿ ನೂರಕ್ಕೆ ನೂರು ಬಂದದ್ದು ಲೆಕ್ಕಕ್ಕೆ ಬಾರದೆ ಹೋದಾಗ ಆಗುವ ಹೊಟ್ಟೆಯುರಿ ನಾನು ಕಂಡಿದ್ದೇನೆ.

ಪಿಯುಸಿ ಒಪ್ಪದ ಕಡೆ ಎರಡು ದಾರಿ: ಒಂದು ವರ್ಷದ ಫೌಂಡೇಶನ್ ಕೋರ್ಸು, ಅಥವಾ ಇಲ್ಲೇ ಪದವಿಯ ಒಂದು ವರ್ಷ ಮುಗಿಸಿ ಅದರ ಅಂಕದ ಮೇಲೆ ಅರ್ಜಿ. ಎರಡನೆಯದನ್ನು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಇಂಗ್ಲಿಷಿನ ಪುರಾವೆ ಪ್ರತ್ಯೇಕ. ಥಿಯಾಲಜಿ ಓದುವ, ಬರೆಯುವ ವಿಷಯವಾದ್ದರಿಂದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 6.5 ಅಥವಾ 7 ಕೇಳುವುದು ಸಾಮಾನ್ಯ, ಕೇಂಬ್ರಿಜ್ 7.5 ಕೇಳುತ್ತದೆ. ಒಟ್ಟು ಅಂಕ ಬಂದರೆ ಸಾಲದು, ಓದು, ಬರಹ, ಮಾತು, ಕೇಳ್ಮೆ ಪ್ರತಿಯೊಂದಕ್ಕೂ ಕನಿಷ್ಠ ಇರುತ್ತದೆ. ಬರಹದಲ್ಲಿ ಅರ್ಧ ಅಂಕ ಕಡಿಮೆಯಾಗಿ ಮತ್ತೆ ಪರೀಕ್ಷೆಗೆ ಕೂತವರೇ ಹೆಚ್ಚು. ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಪರೀಕ್ಷೆಯ ಶುಲ್ಕ ಕಟ್ಟುವ ಮೊದಲು ಅದನ್ನು ವಿಚಾರಿಸಿ.

ಮೂರನೆಯ ಹೆಜ್ಜೆ: ಯುಕಾಸ್ ಅರ್ಜಿ

ವಿಶ್ವವಿದ್ಯಾಲಯಗಳ ಅರ್ಜಿಯೆಲ್ಲ ಯುಕಾಸ್ ಎಂಬ ಒಂದೇ ಕೇಂದ್ರದ ಮೂಲಕ. ಐದು ಆಯ್ಕೆ ಕೊಡಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ. ಈ ನಿಯಮಕ್ಕಿರುವ ಬೆರಳೆಣಿಕೆಯ ವಿನಾಯಿತಿಗಳಲ್ಲಿ ಒಂದು, ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವ ವಿದ್ಯಾರ್ಥಿವೇತನಕ್ಕೆ ಸ್ಪರ್ಧಿಸುವವರಿಗೆ. ಆ ಎರಡು ವಿಶ್ವವಿದ್ಯಾಲಯಗಳಿಗೆ ಕೊನೆಯ ದಿನ ಅಕ್ಟೋಬರ್ 15, ಮಿಕ್ಕವುಗಳಿಗೆ ಜನವರಿ. 2026ರ ಪ್ರವೇಶಕ್ಕೆ ಅದು ಜನವರಿ 14, ಬ್ರಿಟನ್ನಿನ ಸಮಯ ಸಂಜೆ ಆರು ಆಗಿತ್ತು. ಅದರ ಹಿಂದಿನ ವರ್ಷ ಜನವರಿ 29 ಇತ್ತು. ಹಿಂದಿನ ವರ್ಷ ಸೇರಿದವರ ಮಾತು ನಂಬಿ ಕೂತಿದ್ದರೆ ಎರಡು ವಾರ ತಡವಾಗುತ್ತಿತ್ತು. ಸಣ್ಣ ಬೈಬಲ್ ಕಾಲೇಜುಗಳಲ್ಲಿ ಕೆಲವು ನೇರ ಅರ್ಜಿ ತೆಗೆದುಕೊಳ್ಳುತ್ತವೆ.

ಅರ್ಜಿಯ ಜೀವ ಇರುವುದು ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ. ಹಿಂದೆ ಅದು ಒಂದೇ ಉದ್ದನೆಯ ಪ್ರಬಂಧ. 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿವೆ: ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ, ನಿಮ್ಮ ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಇನ್ನೇನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕ. ಪ್ರತಿಯೊಂದಕ್ಕೂ ಕನಿಷ್ಠ 350.

ನನ್ನ ಮುಂದೆ ಬರುವ ಕರಡುಗಳಲ್ಲಿ ಹತ್ತಕ್ಕೆ ಏಳು ‘ಚಿಕ್ಕಂದಿನಿಂದಲೂ ನನಗೆ ದೇವರಲ್ಲಿ ಅಪಾರ ಭಕ್ತಿ’ ಎಂದು ಶುರುವಾಗುತ್ತವೆ. ಭಕ್ತಿ ಒಳ್ಳೆಯದೇ. ಆದರೆ ವಿಭಾಗದ ಉಪನ್ಯಾಸಕರು ಹುಡುಕುವುದು ಪಠ್ಯವನ್ನು ಕಣ್ಣಿಟ್ಟು ಓದಿ ಪ್ರಶ್ನೆ ಎತ್ತುವವರನ್ನು. ಉದಾಹರಣೆ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಆದಿಕಾಂಡ ತೆಗೆಯಿರಿ. ಮೊದಲ ಅಧ್ಯಾಯದಲ್ಲಿ ಸೃಷ್ಟಿ ಮಾಡುವವನು ಬರೀ ‘ದೇವರು’. ಎರಡನೆಯ ಅಧ್ಯಾಯದ ನಾಲ್ಕನೆಯ ವಚನಕ್ಕೆ ಬನ್ನಿ, ಇದ್ದಕ್ಕಿದ್ದಂತೆ ‘ಯೆಹೋವದೇವರು’. ಕ್ರಮವೂ ಬದಲಾಗಿದೆ. ಮೊದಲನೆಯದರಲ್ಲಿ ಪ್ರಾಣಿಗಳು ಆದ ಮೇಲೆ ಗಂಡು ಹೆಣ್ಣು ಒಟ್ಟಿಗೆ ಹುಟ್ಟುತ್ತಾರೆ. ಎರಡನೆಯದರಲ್ಲಿ ಮೊದಲು ಮಣ್ಣಿನಿಂದ ಗಂಡು, ನಂತರ ತೋಟ, ಪ್ರಾಣಿಗಳು, ಕೊನೆಗೆ ಅವನ ಪಕ್ಕೆಲುಬಿನಿಂದ ಹೆಣ್ಣು. ಹೀಗೇಕೆ? ಈ ಎರಡು ಹೆಸರುಗಳ ಜಾಡು ಹಿಡಿದು 1753ರಲ್ಲಿ ಜ್ಯಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ, ಇದರ ಹಿಂದೆ ಬೇರೆ ಬೇರೆ ಮೂಲ ಬರಹಗಳಿದ್ದಿರಬೇಕು ಎಂದು ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದ. ಬೈಬಲಿನ ಆಧುನಿಕ ವಿಮರ್ಶೆ ಬೆಳೆದದ್ದು ಇಂಥ ಗಮನಿಕೆಗಳಿಂದ. ಅನುವಾದದಲ್ಲೂ ಉಳಿದುಕೊಂಡ ಆ ಬಿರುಕನ್ನು ನೀವಾಗಿಯೇ ಕಂಡಿದ್ದೀರಿ, ಅದರ ಬಗ್ಗೆ ಎರಡು ಅಭಿಪ್ರಾಯ ಓದಿ ಒಂದನ್ನು ಒಪ್ಪಲಾಗಲಿಲ್ಲ ಎಂದು ನಾಲ್ಕು ಸಾಲು ಬರೆದರೆ ಅದು ನಲವತ್ತು ಸಾಲು ಭಕ್ತಿಗಿಂತ ತೂಕದ್ದು. ಬೈಬಲ್ಲೇ ಆಗಬೇಕೆಂದಿಲ್ಲ. ಖುರಾನಿನ ಒಂದು ಸೂರಾ, ಉಪನಿಷತ್ತಿನ ಒಂದು ಸಂವಾದ, ಶರಣರ ಒಂದು ವಚನ, ಯಾವುದೂ ನಡೆಯುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಅಲ್ಲಿರಲಿ. ಎಐ ಬರೆದುಕೊಟ್ಟ ಸ್ಟೇಟ್‌ಮೆಂಟುಗಳಲ್ಲಿ ಇಂಥ ಬಿರುಕು ಇರುವುದಿಲ್ಲ, ಎಲ್ಲ ನುಣುಪು. ಜೊತೆಗೆ ಯುಕಾಸ್ ನಕಲು ತಪಾಸಣೆ ಮಾಡುತ್ತದೆ.

ಶಿಫಾರಸು ಪತ್ರದಲ್ಲಿ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇನೆ. ವಿಷಯ ದೈವಶಾಸ್ತ್ರ ತಾನೇ, ಸಭಾಪಾಲಕರ ಪತ್ರಕ್ಕಿಂತ ಒಳ್ಳೆಯದು ಯಾವುದು ಎಂದು ಒಬ್ಬ ಹುಡುಗಿಗೆ ಹೇಳಿದೆ. ಅಯ್ಯನವರು ಎರಡು ಪುಟ ಬರೆದರು. ಭಾನುವಾರದ ಶಾಲೆ, ಗಾಯನವೃಂದ, ಸೌಮ್ಯ ಸ್ವಭಾವ ಎಲ್ಲ ಇತ್ತು, ಅವಳು ಹೇಗೆ ಓದುತ್ತಾಳೆ ಎಂಬುದು ಮಾತ್ರ ಇರಲಿಲ್ಲ. ವಿಶ್ವವಿದ್ಯಾಲಯ ಪಾಠ ಮಾಡಿದವರಿಂದ ಬೇರೆ ಪತ್ರ ಕೇಳಿತು. ಕಾಲೇಜಿಗೆ ರಜೆ ಬಿದ್ದಿತ್ತು, ಹದಿನೈದು ದಿನ ಓಡಾಡಿದೆವು. ವಿಶ್ವವಿದ್ಯಾಲಯದ ಅರ್ಜಿಗೆ ಪಾಠ ಮಾಡಿದ ಮೇಷ್ಟ್ರ ಪತ್ರ, ಸಭೆಯ ಕಾಲೇಜಿಗೆ ಅದರ ಜೊತೆಗೆ ಸಭಾಪಾಲಕರ ಪತ್ರ. ಬಂಧುಗಳದ್ದು ಎಲ್ಲಿಯೂ ಬೇಡ.

ಸಂದರ್ಶನ

ಆಕ್ಸ್‌ಫರ್ಡ್, ಕೇಂಬ್ರಿಜ್ ಆಯ್ದವರನ್ನು ಡಿಸೆಂಬರಿನಲ್ಲಿ ಸಂದರ್ಶಿಸುತ್ತವೆ. ಶಾಲೆಯಲ್ಲಿ ಬರೆದ ಪ್ರಬಂಧವನ್ನು ಮೊದಲೇ ಕಳಿಸಲು ಹೇಳಬಹುದು. ಮೇಷ್ಟ್ರ ಕೆಂಪು ಶಾಯಿ ಇರುವ ಪ್ರತಿಯನ್ನು ಎಸೆಯದೆ ಇಟ್ಟುಕೊಳ್ಳಿ. ಸಂದರ್ಶನದಲ್ಲಿ ಅಪರಿಚಿತ ಪಠ್ಯದ ತುಣುಕು ಕೊಟ್ಟು ಮಾತಾಡಿಸುವುದುಂಟು. ಸರಿ ಉತ್ತರ ಹೇಳಬೇಕೆಂದು ಬಾಯಿಕಟ್ಟಿ ಕೂರುವುದೇ ದೊಡ್ಡ ತಪ್ಪು. ‘ಈ ಪದ ಎರಡು ಸಲ ಬಂದಿದೆ, ಎರಡನೆಯ ಸಲ ಅರ್ಥ ಬೇರೆ ಇದ್ದಂತಿದೆ’ ಎಂದು ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ ಹೋಗಿ. ಅವರು ಅಡ್ಡ ಪ್ರಶ್ನೆ ಹಾಕಿದರೆ ಅಭಿಪ್ರಾಯ ಬದಲಿಸಲು ಸಂಕೋಚ ಬೇಡ. ಸಭೆಯ ಕಾಲೇಜುಗಳ ಸಂದರ್ಶನ ಬೇರೆ ಬಗೆಯದು. ಅಲ್ಲಿ ನಿಮ್ಮ ಕರೆ, ನಿಮ್ಮ ಸಭೆ, ಬೇರೆ ಪಂಗಡದವರೊಂದಿಗೆ ಹೇಗೆ ಇರುತ್ತೀರಿ ಎಂಬ ಮಾತು ಬರುತ್ತದೆ.

ಆಫರ್ ಬಂದ ಮೇಲೆ

ಷರತ್ತಿನ ಆಫರ್ ಅಂದರೆ ಇಷ್ಟು ಅಂಕ ಬಂದರೆ ಸೀಟು ನಿಮ್ಮದು. ಬಂದ ಆಫರ್‌ಗಳಲ್ಲಿ ಒಂದನ್ನು ‘ಫರ್ಮ್’, ಇನ್ನೊಂದನ್ನು ‘ಇನ್ಶೂರೆನ್ಸ್’ ಎಂದು ಇಟ್ಟುಕೊಳ್ಳಬಹುದು. ಎರಡನೆಯದು ಕಡಿಮೆ ಅಂಕ ಕೇಳುವಂಥದ್ದಾಗಿರಬೇಕು, ಇಲ್ಲದಿದ್ದರೆ ಅದು ಇನ್ಶೂರೆನ್ಸೇ ಅಲ್ಲ.

ವಿದೇಶದಿಂದ ಹೋಗುವವರು ಆಫರ್ ಖಚಿತವಾದ ಮೇಲೆ ವಿಶ್ವವಿದ್ಯಾಲಯದಿಂದ ‘ಕ್ಯಾಸ್’ ಎಂಬ ಪ್ರವೇಶ ಖಾತ್ರಿಯ ಸಂಖ್ಯೆ ಪಡೆದು ಸ್ಟೂಡೆಂಟ್ ವೀಸಾಕ್ಕೆ ಹಾಕುತ್ತಾರೆ. ಬಾಕಿ ಇರುವ ಶುಲ್ಕ, ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕೆಳಗಿಳಿದರೂ ಎಣಿಕೆ ಮೊದಲಿನಿಂದ. ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಓದುವ ಅಷ್ಟೂ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಭಾರತದಿಂದ ಹೋಗುವವರಿಗೆ ಕ್ಷಯ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ವಿಜ್ಞಾನದ ಕೆಲವು ವಿಷಯಗಳಿಗೆ ಕೇಳುವ ‘ಏಟಾಸ್’ ಅನುಮತಿಯ ತಾಪತ್ರಯ ಮಾತ್ರ ಥಿಯಾಲಜಿಗೆ ಇಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯರ ಶುಲ್ಕದ ಮಿತಿ 2025-26ಕ್ಕೆ 9,535 ಪೌಂಡ್. ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ಅಂಕಿಯೇ, ಆದರೆ ಅದು ನಿಮ್ಮದಲ್ಲ. ‘ಇಂಟರ್‌ನ್ಯಾಷನಲ್’ ಎಂಬ ಸಾಲಿಗೆ ಇಳಿಯಿರಿ.

ಅಂಕ ಕೈಕೊಟ್ಟರೆ ಕ್ಲಿಯರಿಂಗ್ ಇದೆ. ಭರ್ತಿಯಾಗದ ಸೀಟುಗಳನ್ನು ಜುಲೈನಿಂದಲೇ ತೆರೆದಿಡುತ್ತಾರೆ, ಆಗಸ್ಟಿನಲ್ಲಿ ಎ-ಲೆವೆಲ್ ಫಲಿತಾಂಶದ ದಿನ ಗದ್ದಲ. ಥಿಯಾಲಜಿಯಲ್ಲಿ ಆಗ ಒಳ್ಳೆಯ ವಿಭಾಗಗಳ ಸೀಟುಗಳೂ ಕಾಣಿಸಿಕೊಳ್ಳುವುದುಂಟು. ಅಪ್ಪ ಅಮ್ಮ ಫೋನ್ ಮಾಡಿದರೆ ವಿಶ್ವವಿದ್ಯಾಲಯದವರು ಮಾತಾಡುವುದಿಲ್ಲ, ಅಭ್ಯರ್ಥಿಯೇ ಕರೆಯಬೇಕು. ಯುಕಾಸ್ ಗುರುತಿನ ಸಂಖ್ಯೆ, ಕ್ಲಿಯರಿಂಗ್ ಸಂಖ್ಯೆ, ಅಂಕಪಟ್ಟಿ, ಒಂದು ಪೆನ್ನು ಪಕ್ಕದಲ್ಲಿರಲಿ. ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ: ಪದವಿ ಆನರ್ಸೇ ತಾನೇ, ವಸತಿ ಉಳಿದಿದೆಯೇ, ವೀಸಾಕ್ಕೆ ಕ್ಯಾಸ್ ಕೊಡಲು ಇನ್ನೂ ಸಮಯವಿದೆಯೇ. ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಸೀಟನ್ನು ಮುಂದಿನ ವರ್ಷಕ್ಕೆ ಕಾದಿಡುತ್ತೀರಾ ಎಂದು ಫೋನ್ ಇಡುವ ಮೊದಲೇ ಕೇಳಿ.